ಒರಳಿನ ಕೆಳಗಿನ ಹಗೇವು

ನೆಲದೊಳಗೆ ಜೋಳ ತುಂಬಿಡುವ ಗುಂಡಿಗೆ ನಮ್ಮ ಕಡೆ ಒಂದು ಹೆಸರಿದೆ. ಹಗೆ ಅಲ್ಲ, ಹಗೆ ಎಂದರೆ ವೈರ. ಹಗ್ಗವೂ ಅಲ್ಲ, ಹಗ್ಗ ಕತೆಯಲ್ಲಿ ಬೇರೆಯಾಗಿ ಬರುತ್ತದೆ. ಅವೆರಡರ ಆಸುಪಾಸಿನದೇ ಒಂದು ಪದ. ಬಾಯಿಯ ತನಕ ಬಂದು ನಿಲ್ಲುತ್ತದೆ. ನಾನೀಗ ಇರುವ ಈ ಗುಡ್ಡದ ಊರಿನಲ್ಲಿ ಜೋಳ ಬೆಳೆಯುವುದಿಲ್ಲ, ಅಂಥ ಗುಂಡಿ ತೋಡುವುದಿಲ್ಲ, ಕೇಳೋಣವೆಂದರೆ ಆ ಪದ ಆಡಿದವರು ಸುತ್ತ ಯಾರೂ ಇಲ್ಲ ಸುರಗಿ. ಇರಲಿ. ಮಾಸ್ತರರು ಕತೆಯನ್ನು ಆ ಪದದಿಂದಲೇ ಶುರುಮಾಡಿದ್ದರು. ಅವರು ಹೇಳಿದ ಹಾಗೆಯೇ ಹೇಳುತ್ತ ಹೋದರೆ ತಾನಾಗಿ ಬಂದೀತು.

ಶಿಷ್ಯ ಕೇಳಿದ ಪ್ರಶ್ನೆ ಇದು: "ಮಾಸ್ತರ್, ಯಾರೂ ಬಳಸದ ಜಾಗವನ್ನು ನಾವು ಬಳಸಿಕೊಂಡರೆ ತಪ್ಪೇನು?"

ಶಿಷ್ಯನ ಹೆಸರು ನಿಂಗರಾಜ. ಮಾಸ್ತರರ ಹೆಸರು ಗುರುಸಿದ್ದಯ್ಯ. ಹೊಳೆಯ ದಂಡೆಯ ಒಂದು ಊರಿನಲ್ಲಿ ಅವರ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ, ಎರಡು ಮೇಜು. ಹೊಳೆಯ ನೀರು ಏರಿದರೆ ಕೂಗಿ ಎಚ್ಚರಿಸುವ ಪೆಟ್ಟಿಗೆಗಳನ್ನು ಅವರು ಅಲ್ಲಿ ಮಾಡುತ್ತಿದ್ದರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನವರಿಗೆ ತಿಳಿಯಬೇಕು. ಹರಿಗೋಲು ಹಾಕುವವರು, ಬಟ್ಟೆ ಒಗೆಯುವವರು, ಮರಳಿನ ಮೇಲೆ ಕಲ್ಲಂಗಡಿ ಹಾಕಿದವರು, ಎಲ್ಲರೂ ಮೇಲೆ ಬರಬೇಕು.

ಮೊದಮೊದಲು ಪೆಟ್ಟಿಗೆ ಬರೀ ಸೈರನ್ ಊದುತ್ತಿತ್ತು. ಸೈರನ್ ಕೇಳಿದ ಜನ ಏನಾಯಿತೆಂದು ನೋಡಲು ಹೊಳೆಯ ಕಡೆಗೇ ಬರುತ್ತಿದ್ದರು. ಇದನ್ನು ಕಂಡು ನಿಂಗರಾಜನಿಗೆ ಚಿಂತೆ ಹತ್ತಿತು. ಪೆಟ್ಟಿಗೆ ಊದಬಾರದು, ಮಾತಾಡಬೇಕು, ಅದೂ ದಂಡೆಯವರ ಮಾತಿನಲ್ಲೇ ಆಡಬೇಕು ಎಂದು ಅವನು ಹಟ ಹಿಡಿದ. ಒಳ್ಳೆಯ ಹಟ. ಮಳೆಗಾಲ ಹತ್ತಿರ ಬಂದಿತ್ತು. ಅಷ್ಟರೊಳಗೆ ಪೆಟ್ಟಿಗೆಗಳನ್ನು ಕಂಬಕ್ಕೆ ಏರಿಸಬೇಕಿತ್ತು. ಒಮ್ಮೆ ಹೊಳೆ ತುಂಬಿದರೆ ಆ ಕಂಬಗಳ ಹತ್ತಿರ ಹೋಗಲು ದಾರಿಯೇ ಇರುವುದಿಲ್ಲ. ಅಲ್ಲಿ ಪೆಟ್ಟಿಗೆ ಕೆಟ್ಟು ನಿಂತರೆ ನೀರು ಇಳಿಯುವವರೆಗೆ ಅದು ಮೂಕ.

ಮಾತಿಗೆ ದನಿ ಬೇಕಲ್ಲ, ಅದಕ್ಕೆ ನನ್ನನ್ನು ಕರೆಸಿದ್ದರು. ನಾನು ಅಂಬಿಗರ ಮನೆಯ ಮಗಳು, ಅಂಗನವಾಡಿಯಲ್ಲಿ ಕಲಿಸುತ್ತಿದ್ದೆ. ನನ್ನ ದನಿ ಆಚೆ ದಂಡೆಗೂ ಕೇಳುತ್ತದೆ ಎಂದು ಯಾರೋ ಹೇಳಿದ್ದರಂತೆ. ಒಂದು ಸ್ಟೂಲಿನ ಮೇಲೆ ಕುಳಿತು ನಾನು ಕಾಯುತ್ತಿದ್ದೆ. ಹೀಗಾಗಿ ಇದೆಲ್ಲ ನನ್ನ ಕಿವಿಗೆ ಬಿತ್ತು.

ಪೆಟ್ಟಿಗೆಯೊಳಗೆ ಏನಿರುತ್ತದೆ ಎಂದು ನಾನು ಕೇಳಿದ್ದಕ್ಕೆ ನಿಂಗರಾಜ ಬೇಸರಪಡದೆ ಹೇಳಿದ್ದ.

"ಅಕ್ಕಾರ, ಇದರ ನೆನಪೆಲ್ಲ ಈ ಒಂದು ಚಿಪ್ಪಿನೊಳಗೆ. ಇದಕ್ಕೆ ಫ್ಲ್ಯಾಶ್ ಎನ್ನುತ್ತಾರೆ. ಕರೆಂಟು ಹೋದರೂ ಮರೆಯುವುದಿಲ್ಲ. ನನಗಿಂತ ವಾಸಿ."

"ಒಳಗೆ ಕೋಣೆ ಮಾಡಿದ್ದೀರಾ?" ಎಂದೆ.

"ಕೋಣೆ ಇದೆ, ಗೋಡೆ ಇಲ್ಲ. ಇಡೀ ಚಿಪ್ಪು ಒಂದೇ ಬಯಲು. ಇಲ್ಲಿಂದ ಇಲ್ಲಿಯವರೆಗೆ ಇದರದು, ಅಲ್ಲಿಂದ ಮುಂದೆ ಅದರದು ಎಂದು ನಾವು ಹೇಳುತ್ತೇವೆ. ಪೆಟ್ಟಿಗೆಯನ್ನು ನಡೆಸುವುದು ಕರ್ನಲ್ ಎಂಬ ಪ್ರೋಗ್ರಾಂ. ಹೇಳಿದ್ದನ್ನು ಅದು ನಂಬುತ್ತದೆ. ನಂಬಿಕೆಯೇ ಗೋಡೆ."

ಕರ್ನಲ್‌ಗಿಂತ ಮೊದಲು ಏಳುವ ಒಂದು ಸಣ್ಣ ಪ್ರೋಗ್ರಾಂ ಇದೆಯಂತೆ. ಅದಕ್ಕೆ ಬೂಟ್‌ಲೋಡರ್ ಎಂದು ಹೆಸರು. ಕರ್ನಲ್ ಎಲ್ಲಿ ಮಲಗಿದೆ ಎಂದು ಹುಡುಕಿ ಎಬ್ಬಿಸುವುದು ಅದರ ಕೆಲಸ. ಗಡಿಗಳನ್ನು ಅದಕ್ಕೂ ಬೇರೆಯಾಗಿ ಹೇಳಿರಬೇಕು. ಇಬ್ಬರಿಗೂ ಒಂದೇ ಗಡಿ ಹೇಳಿದ್ದರೆ ಸರಿ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಿದ್ದರೆ, ಒಬ್ಬರು ಇಟ್ಟದ್ದು ಇನ್ನೊಬ್ಬರಿಗೆ ಸಿಗುವುದಿಲ್ಲ. ಇನ್ನೊಂದು ಮಾತನ್ನೂ ಅವನು ಹೇಳಿದ. ಫ್ಲ್ಯಾಶ್‌ನಲ್ಲಿ ಬರೆದದ್ದರಲ್ಲಿ ಒಂದಕ್ಷರ ಮಾತ್ರ ಅಳಿಸಲು ಬರುವುದಿಲ್ಲ. ಚಿಪ್ಪಿನ ಜಾಗವೆಲ್ಲ ಕಂತೆ ಕಂತೆಯಾಗಿರುತ್ತದೆ, ಅಳಿಸಿದರೆ ಆ ಅಕ್ಷರವಿರುವ ಇಡೀ ಕಂತೆಯನ್ನೇ ಅಳಿಸಬೇಕು.

ಚಿಪ್ಪಿನ ಕೊಟ್ಟಕೊನೆಯಲ್ಲಿ ಒಂದು ಭಾಗವಿತ್ತು. ನಿಂಗರಾಜ ಅಲ್ಲಿಗೆ ಬರುವ ಮೊದಲೇ ಯಾರೋ ಮಾಡಿಟ್ಟದ್ದು. ಅದರೊಳಗೆ ಒಂದು ಚಿಕ್ಕ ಹಳೆಯ ಕರ್ನಲ್. ಆ ಭಾಗವನ್ನು ಓದಬಹುದು, ಅದರ ಮೇಲೆ ಬರೆಯುವಂತಿಲ್ಲ ಎಂದು ಬೀಗ ಹಾಕಿತ್ತು. ನನ್ನ ದನಿ ಇಡಲು ಜಾಗ ಸಾಲದೆ ಹೋದಾಗ ನಿಂಗರಾಜನ ಕಣ್ಣು ಅದರ ಮೇಲೆ ಬಿತ್ತು.

ಅದಕ್ಕಿಂತ ಹಿಂದಿನ ದಿನ ನಡೆದದ್ದನ್ನು ಇಲ್ಲೇ ಹೇಳಬೇಕು.

ಮಾಸ್ತರರು ಹೊಸ ಬೂಟ್‌ಲೋಡರ್ ಕೊಟ್ಟಿದ್ದರು. ಅದು ಹಳೆಯದಕ್ಕಿಂತ ದಪ್ಪ. ಅದಕ್ಕೆ ಜಾಗ ಬಿಡಲು ನಿಂಗರಾಜ ಕರ್ನಲ್‌ನ ಗಡಿಯನ್ನು ಒಂದು ಕಂತೆಯಷ್ಟು ಮುಂದಕ್ಕೆ ಸರಿಸಿದ. ಸರಿಸಿದ್ದನ್ನು ಕರ್ನಲ್‌ಗೆ ಹೇಳಿದ, ಬೂಟ್‌ಲೋಡರ್‌ಗೆ ಹೇಳಲು ಮರೆತ. ಹೊಸ ಗಡಿಯ ಪ್ರಕಾರ ಹೊಸ ಕರ್ನಲ್ ಬರೆದು, ಪೆಟ್ಟಿಗೆಯ ಕರೆಂಟು ತೆಗೆದು ಮತ್ತೆ ಹಾಕಿದ. ಪೆಟ್ಟಿಗೆ ಏಳಲಿಲ್ಲ. ಅವನು ಅದರ ಮುಂದೆ ಹಣೆಗೆ ಕೈ ಹಚ್ಚಿ ಕುಳಿತ. ಸ್ವಲ್ಪ ಹೊತ್ತಾದ ಮೇಲೆ ಅದರ ಹಸಿರು ದೀಪ ತಾನಾಗಿ ಹತ್ತಿತು.

"ಎದ್ದಿತು ನೋಡ್ರಿ ಅಕ್ಕಾರ" ಎಂದು ನಕ್ಕ. "ಇದಕ್ಕೂ ನನ್ನ ಮೇಲೆ ಕರುಣೆ ಬಂದಿರಬೇಕು."

ಎದ್ದ ಪೆಟ್ಟಿಗೆಗೆ ಕೇಬಲ್ ಹಾಕಿ, ತಪ್ಪು ಹುಡುಕಿ, ಇಬ್ಬರಿಗೂ ಒಂದೇ ಗಡಿ ಹೇಳಿ, ಎಲ್ಲವನ್ನೂ ಮತ್ತೆ ಬರೆದ. ಅದು ಹೇಗೆ ಎದ್ದಿತು ಎಂದು ಅವನು ಕೇಳಲಿಲ್ಲ. ಮಾಸ್ತರರು ಆಚೆ ಮೇಜಿನಿಂದ ನೋಡುತ್ತಿದ್ದರು, ಅವರೂ ಹೇಳಲಿಲ್ಲ. ಅಷ್ಟರಲ್ಲಿ ಹೊತ್ತಾಗಿದ್ದರಿಂದ ನನ್ನನ್ನು ಮರುದಿನ ಬರಲು ಹೇಳಿದರು.

ಮರುದಿನ ಅವನು ಮಾಸ್ತರರ ಮುಂದೆ ನಿಂತು ಆ ಪ್ರಶ್ನೆ ಕೇಳಿದ. ಯಾರೂ ಬಳಸದ ಜಾಗವನ್ನು ಬಳಸಿಕೊಂಡರೆ ತಪ್ಪೇನು? ಆ ಹಳೆಯ ಕರ್ನಲ್ ಅಳಿಸಿದರೆ ಊರೂರಿನ ಹೆಸರು ಹಿಡಿದು ಕರೆಯಬಹುದು, ಯಾವ ದಾರಿಯಿಂದ ಮೇಲೆ ಹೋಗಬೇಕೆಂದು ಹೇಳಬಹುದು. ಜನರ ಜೀವದ ಮಾತು. ಅವನು ಕೇಳಿದ್ದು ನನಗೂ ನ್ಯಾಯವೆನಿಸಿತು.

ಮಾಸ್ತರರು ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಕೆಳಗಿಟ್ಟರು. "ಹಗೇವು ನೋಡಿದ್ದೀಯಾ?" ಎಂದರು.

ಹಗೇವು. ಬಂತು ನೋಡಿ.

"ಕೇಳಿದ್ದೇನೆ, ನೋಡಿಲ್ಲ" ಎಂದ ನಿಂಗರಾಜ.

"ಹಾಗಾದರೆ ಕುಳಿತುಕೋ" ಎಂದು ಮಾಸ್ತರರು ಹೇಳತೊಡಗಿದರು.

ಎರೆಮಣ್ಣಿನ ಸೀಮೆಯಲ್ಲಿ ಒಬ್ಬ ರೈತನಿದ್ದ. ಅವನ ಮನೆಯ ಅಂಗಳದ ಕೆಳಗೆ ಮೂರು ಹಗೇವು ಇದ್ದವು. ಆಳದ ಗುಂಡಿ, ಸುತ್ತ ಜೋಳದ ಒಣ ದಂಟಿನ ಕಣಿಕೆ, ನಡುವೆ ಜೋಳ, ಬಾಯಿಗೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಮೇಲಿನಿಂದ ನೋಡಿದರೆ ಬರೀ ಅಂಗಳ. ಜನ ಅದರ ಮೇಲೆ ನಡೆದಾಡುತ್ತಿದ್ದರು, ಮಕ್ಕಳು ಆಡುತ್ತಿದ್ದರು.

ಹಗೇವಿಗೆ ಒಂದು ಕಟ್ಟಳೆ ಇದೆ. ಬಾಯಿ ತೆರೆದರೆ ಪೂರ್ತಿ ತೆಗೆಯಬೇಕು. ಬೇಕಾದಷ್ಟು ತೆಗೆದು ಉಳಿದದ್ದನ್ನು ಮುಚ್ಚುವಂತಿಲ್ಲ. ಗಾಳಿ ಹೊಕ್ಕರೆ ಉಳಿದದ್ದು ಕೆಡುತ್ತದೆ.

ಬಾಗಿಲ ಹಿಂದೆ ಒಂದು ಹಗ್ಗ ತೂಗುತ್ತಿತ್ತು. ಅದಕ್ಕೆ ಎರಡು ಗಂಟು. ಹಗ್ಗದ ತುದಿಯನ್ನು ಹೊಸ್ತಿಲಿಗೆ ಹಿಡಿದು ಅಂಗಳಕ್ಕೆ ಚಾಚಿದರೆ, ಗಂಟು ಬಿದ್ದಲ್ಲಿ ಹಗೇವಿನ ಬಾಯಿ. ಮೊದಲನೆಯ ಗಂಟು ಈ ವರ್ಷದ ಜೋಳ, ಎರಡನೆಯ ಗಂಟು ಮುಂದಿನ ವರ್ಷದ್ದು. ಮೂರನೆಯ ಹಗೇವಿಗೆ ಗಂಟಿರಲಿಲ್ಲ. ಅದು ಅಂಗಳದ ಆಚೆ ತುದಿಯಲ್ಲಿ, ಗೋಡೆಯ ಮಗ್ಗುಲಿಗಿತ್ತು. ಅದರ ಮೇಲೆ ರೈತನ ತಾಯಿಯ ಒರಳು ಇತ್ತು. ಅವಳು ದಿನವೂ ಅಲ್ಲೇ ಕುಳಿತು ಕುಟ್ಟುತ್ತಿದ್ದಳು. ಬೆಳೆ ಚೆನ್ನಾಗಿ ಬಂದ ವರ್ಷ ಒರಳು ಸರಿಸಿ, ಹಳೆಯ ಜೋಳ ತೆಗೆಸಿ, ಹೊಸದು ತುಂಬಿಸಿ, ಮತ್ತೆ ಒರಳಿಟ್ಟು ಕುಳಿತುಬಿಡುತ್ತಿದ್ದಳು. ಅದರೊಳಗಿನ ಜೋಳವನ್ನು ಹಸಿದು ತಿಂದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಒಂದು ವರ್ಷ ಬೆಳೆ ವಿಪರೀತ ಬಂತು. ಎರಡೂ ಹಗೇವು ತುಂಬಿ ಜೋಳ ಉಳಿಯಿತು. ರೈತ ತಾಯಿಯ ಹತ್ತಿರ ಬಂದ.

"ಯವ್ವಾ, ಒರಳು ಆಕಡೆ ಸರಸೋಣು. ನನಗ ಆ ಹಗೇವು ಬೇಕಾಗೈತಿ."

"ಅದರಾಗ ಜೋಳ ಐತಿ."

"ಯಾರು ತಿನ್ನೋ ಜೋಳ?"

"ಗೊತ್ತಿಲ್ಲ."

"ಗೊತ್ತಿಲ್ಲದವರಿಗೂ ಹೊಟ್ಟಿ ಹಸೀತೈತೇನು?"

"ಗೊತ್ತಿದ್ದವರಿಗೆ ದಿನಾ ರೊಟ್ಟಿ ಬಡೀತೇನಿ. ಇದು ಗೊತ್ತಿಲ್ಲದವರಿಗೆ."

ರೈತ ನಕ್ಕ. ಆ ಒರಳು ಎತ್ತಲು ನಾಲ್ಕು ಮಂದಿ ಸಾಕು, ನಮ್ಮವ್ವನನ್ನು ಎಬ್ಬಿಸಲು ಇಡೀ ಊರು ಬೇಕು ಎಂದು ತಮ್ಮನ ಹತ್ತಿರ ಹಾಸ್ಯ ಮಾಡಿದ. ಉಳಿದ ಜೋಳವನ್ನು ಪೇಟೆಗೆ ಕಳಿಸಿದ. ಕೈಯಲ್ಲಿ ದುಡ್ಡಿತ್ತು, ಮನೆಗೆ ಒಂದು ಪಡಸಾಲೆ ಕಟ್ಟಿಸಿದ. ಮನೆ ಮುಂದೆ ಬಂತು. ಹೊಸ್ತಿಲೂ ಮುಂದೆ ಬಂತು. ಹಗ್ಗ ಬಾಗಿಲ ಹಿಂದೆ ಮೊದಲಿನಂತೆಯೇ ತೂಗುತ್ತಿತ್ತು.

ಮಳೆಗೆ ಮುಂಚೆ ರೈತನ ತಮ್ಮ, ಬಚ್ಚಲ ನೀರು ಹರಿಯಲು ಅಂಗಳದಲ್ಲಿ ಒಂದು ಕಾಲುವೆ ತೋಡಬೇಕೆಂದ. ಅವನು ಜಾಗರೂಕ. ಹಗೇವಿನ ಮೇಲೆ ನೀರು ಹೋಗಬಾರದೆಂದು ಹಗ್ಗ ತಂದ. ಹೊಸ ಹೊಸ್ತಿಲಿಗೆ ತುದಿ ಹಿಡಿದು ಚಾಚಿದ. ಗಂಟು ಬಿದ್ದಲ್ಲಿ ಕಲ್ಲಿಟ್ಟು, ಆ ಕಲ್ಲಿನಿಂದ ದೂರ ಸರಿದು ಕಾಲುವೆ ತೋಡಿದ. ಅವನು ಅಳೆದದ್ದು ಸರಿಯಾಗಿಯೇ ಇತ್ತು. ಆದರೆ ಹಗ್ಗ ಅಳೆಯುವುದು ಹಳೆಯ ಹೊಸ್ತಿಲಿನಿಂದ. ಪಡಸಾಲೆಯ ಅಗಲದಷ್ಟು ಲೆಕ್ಕ ತಪ್ಪಿತು. ಬಯಲು ಎಂದು ಅವನು ತೋಡಿದ ಜಾಗ ಎರಡನೆಯ ಹಗೇವಿನ ಬಾಯಿಯ ಅಂಚು.

ಮಳೆಗಾಲವೆಲ್ಲ ನೀರು ಇಳಿಯಿತು. ಮೇಲೆ ಏನೂ ಕಾಣಲಿಲ್ಲ.

ಮೊದಲನೆಯ ಹಗೇವಿನ ಜೋಳ ತೀರಿತು. ಹಗ್ಗ ತೋರಿಸಿದಲ್ಲಿ ಸಿಗದೆ, ಅಂಗಳ ಕೆದರಿ ಹುಡುಕಿ ಎರಡನೆಯದರ ಬಾಯಿ ತೆರೆದರು. ವಾಸನೆಗೆ ಯಾರೂ ಹತ್ತಿರ ನಿಲ್ಲಲಾಗಲಿಲ್ಲ. ಜೋಳ ಕಪ್ಪಾಗಿ ಗಟ್ಟಿಯಾಗಿ ಗೋಡೆಗೆ ಹತ್ತಿತ್ತು. ಹೊಲದಲ್ಲಿ ಪೈರು ಇನ್ನೂ ಮೊಣಕಾಲೆತ್ತರ. ಮನೆಯವರು, ಅವರನ್ನು ನಂಬಿ ದುಡಿಯುವ ಆಳುಗಳು, ಆಳುಗಳ ಮಕ್ಕಳು, ಎಲ್ಲರೂ ಅಂಗಳದಲ್ಲಿ ನಿಂತು ಆ ಗುಂಡಿ ನೋಡಿದರು. ರೈತನ ತಮ್ಮ ಆ ಹಗ್ಗವನ್ನು ಕೈಯಲ್ಲಿ ಸುತ್ತುತ್ತ ಬಿಚ್ಚುತ್ತ ನಿಂತಿದ್ದ. ಅವನನ್ನು ಯಾರೂ ಬೈಯಲಿಲ್ಲ. ಬೈದರೆ ಜೋಳ ಬರುವುದಿಲ್ಲ.

ಆಗ ತಾಯಿ ಒರಳಿನ ಹತ್ತಿರದಿಂದ ಎದ್ದಳು. ಯಾರೂ ಎಬ್ಬಿಸಲಿಲ್ಲ, ತಾನಾಗಿ ಎದ್ದಳು.

ನಾಲ್ಕು ಮಂದಿ ಒರಳು ಸರಿಸಿದರು. ಅದನ್ನು ಹುಡುಕಲು ಹಗ್ಗ ಬೇಕಾಗಲಿಲ್ಲ. ಮಣ್ಣು ಕೆದರಿ ಚಪ್ಪಡಿ ಎತ್ತಿದರು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದರು. ದೀಪ ಇಳಿಬಿಟ್ಟರು, ದೀಪ ಆರಲಿಲ್ಲ. ತಮ್ಮನೇ ಇಳಿದ. ಒಂದು ಬುಟ್ಟಿ ತುಂಬಿ ಮೇಲೆ ಕಳಿಸಿದ. ತಾಯಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ, ಊದಿ, ಬಾಯಿಗೆ ಹಾಕಿಕೊಂಡು ಕಡಿದಳು. ಕಾಳು ಕಟಕ್ಕೆಂದಿತು.

ಬಾಯಿ ತೆರೆದ ಮೇಲೆ ಪೂರ್ತಿ ತೆಗೆಯಲೇಬೇಕಲ್ಲ. ತೆಗೆದರು. ಅಂಗಳದಲ್ಲಿ ರಾಶಿಯಾಯಿತು. ತಾಯಿ ಮೊದಲು ಆಳುಗಳ ಮಕ್ಕಳ ಉಡಿಗೆ ಹಾಕಿಸಿದಳು. ಮುಂದಿನ ಸುಗ್ಗಿಯ ತನಕ ಆ ಅಂಗಳದಲ್ಲಿ ಯಾರ ಒಲೆಯೂ ತಣ್ಣಗಾಗಲಿಲ್ಲ.

ರೈತ ತಾಯಿಯ ಮುಂದೆ ಕುಳಿತ. "ಯವ್ವಾ, ನೀ ಉಳಿಸಿದಿ" ಎಂದ.

"ನಾ ಏನು ಮಾಡೇನಿ? ಒರಳು ಸರಸಾಕ ಬಿಡಲಿಲ್ಲ, ಅಷ್ಟ. ಇದನ್ನ ತೋಡಿಸಿದಾಕಿ ನನ್ನ ಅತ್ತಿ. ನೀ ಹುಟ್ಟೂ ಮುಂಚೆ ಹೋದಳು. ನಿನ್ನ ಮಾರಿನೂ ನೋಡಿಲ್ಲ ಆಕಿ."

ಸುಗ್ಗಿ ಬಂತು. ಆ ವರ್ಷ ರೈತ ಮೊದಲು ತುಂಬಿದ್ದು ಗಂಟಿಲ್ಲದ ಹಗೇವನ್ನು. ಒರಳನ್ನು ಅವನೇ ಎತ್ತಿಡಲು ಹೋಗಿ ಸೊಂಟ ಹಿಡಿಸಿಕೊಂಡ. ತಾಯಿ ಅವನ ಸೊಂಟಕ್ಕೆ ಎಣ್ಣೆ ಹಚ್ಚಿ, ಮತ್ತೆ ಹೋಗಿ ಒರಳಿನ ಮುಂದೆ ಕುಳಿತಳು.

ಮಾಸ್ತರರು ಅಲ್ಲಿಗೆ ನಿಲ್ಲಿಸಿದರು. ಸ್ಕ್ರೂ ಡ್ರೈವರನ್ನು ಮತ್ತೆ ಕೈಗೆ ತೆಗೆದುಕೊಂಡರು.

ನಿಂಗರಾಜ ಒಪ್ಪಲಿಲ್ಲ. ಅವನು ಸುಳ್ಳು ಒಪ್ಪಿಗೆ ಕೊಡುವವನಲ್ಲ, ಅದಕ್ಕೇ ಮಾಸ್ತರರಿಗೆ ಅವನ ಮೇಲೆ ಪ್ರೀತಿ. "ಕತೆ ಚೆನ್ನಾಗಿದೆ ಮಾಸ್ತರ್" ಎಂದ. "ಆ ಮನೆಗೆ ಕಷ್ಟ ಬಂತು, ಹಗೇವು ಉಪಯೋಗಕ್ಕೆ ಬಂತು. ನಮ್ಮ ಪೆಟ್ಟಿಗೆಯ ಕೊನೆಯ ಭಾಗವನ್ನು ಇಷ್ಟು ವರ್ಷ ಯಾರೂ ಮುಟ್ಟಿಲ್ಲ. ಅದರಿಂದ ಒಬ್ಬರ ಹೊಟ್ಟೆಯಾದರೂ ತುಂಬಿದ್ದರೆ ಹೇಳಿ, ನಾನು ಈಗಲೇ ಸುಮ್ಮನಾಗುತ್ತೇನೆ."

ಮಾಸ್ತರರು ತಲೆಯೆತ್ತದೆ ಹೇಳಿದರು: "ನಿನ್ನೆ ನಿನ್ನ ಪೆಟ್ಟಿಗೆ ಯಾರ ಜೋಳ ತಿಂದು ಎದ್ದಿತು?"

ಹೊಸ ಕರ್ನಲ್ ಸಿಗದೆ ಹೋದಾಗ ಬೂಟ್‌ಲೋಡರ್ ಕೊನೆಯ ಭಾಗದ ಆ ಹಳೆಯ ಕರ್ನಲ್ ಅನ್ನೇ ಎಬ್ಬಿಸಿತ್ತು ಎಂದು ನಿಂಗರಾಜನಿಗೆ ಆಗ ಹೊಳೆಯಿತು. ಮೇಜಿನ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಅವನು ಅದನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಇದ್ದ ಜಾಗದಲ್ಲಿ ಹಿಡಿಯುವಷ್ಟು ಮಾತ್ರ ಹೇಳಿರೆಂದು ಸನ್ನೆ ಮಾಡಿದ. ನಾನು ಎದ್ದು ನಿಂತು, ಆಚೆ ದಂಡೆಗೆ ಕೇಳುವಂತೆ ಹೇಳಿದೆ: "ನೀರ ಬಂತು, ಮ್ಯಾಲ ಬರ್ರಿ." ಅಷ್ಟು ಸಾಕಾಯಿತು. ಆ ಮಳೆಗಾಲ ಹೊಳೆ ಕಂಬದ ಕುತ್ತಿಗೆಯವರೆಗೆ ಬಂತು. ನಮ್ಮ ದಂಡೆಯವರೆಲ್ಲ ಮೇಲಿದ್ದರು, ನನ್ನ ಅಣ್ಣನೂ ಅವನ ಹರಿಗೋಲೂ.

ಸುರಗಿ, ಆ ಪದ ಹಗೇವು. ಬರೆದುಕೋ ಮಗಳೇ. ನಾನು ಮತ್ತೆ ಮರೆತು ಕೇಳಿದಾಗ ನೀನು ಹೇಳಬೇಕು.